“ಶೂರ್?” ಅಂದ ಕೂಡಲೇ ಬದಲಾದ ಉತ್ತರ: ಒಂದು ಕನ್ಸಲ್ಟಿಂಗ್ ಇಂಟರ್ವ್ಯೂ ಪ್ರಕರಣ

ಇದು ಒಬ್ಬಳೇ ಹುಡುಗಿಯ ಪ್ರಕರಣ. ಎರಡು ಕನ್ಸಲ್ಟಿಂಗ್ ಕಂಪನಿ (ಬೇರೆ ಕಂಪನಿಗಳಿಗೆ ವ್ಯಾಪಾರದ ಸಲಹೆ ಕೊಡುವವು), ಹತ್ತು ತಿಂಗಳು, ಒಟ್ಟು ಏಳು ಸುತ್ತು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ ಇಲ್ಲವೇ ಬಿಟ್ಟಿದ್ದೇನೆ. ಅವಳನ್ನು ಸುಮಾ ಅನ್ನೋಣ. ಸೋತದ್ದು ಎಲ್ಲಿ ಅಂತ ನಮಗಿಬ್ಬರಿಗೂ ಗೊತ್ತಾಗುವುದಕ್ಕೇ ಮೂರು ತಿಂಗಳು ಹಿಡಿಯಿತು. ಆ ಸೋಲಿನಲ್ಲಿ ನನ್ನ ಪಾಲೂ ಇತ್ತು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿರುವುದು.

ನಾನು ಇಂಥದ್ದೇ ಒಂದು ಕಂಪನಿಯಲ್ಲಿ ಆರು ವರ್ಷ ಇದ್ದವಳು. ಅದರಲ್ಲಿ ನಾಲ್ಕು ವರ್ಷ ಮೇಜಿನ ಆ ಕಡೆ ಕೂತು ಅಭ್ಯರ್ಥಿಗಳಿಗೆ ಕೇಸ್ (ಬಿಡಿಸಬೇಕಾದ ವ್ಯಾಪಾರದ ಸಮಸ್ಯೆ) ಕೇಳಿದ್ದೇನೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಪರಿಚಯದವರ ಮಕ್ಕಳು, ಅವರ ಗೆಳೆಯರು ಅಂತ ಯಾರಾದರೂ ಬಂದರೆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಿಸಿಕೊಂಡು ಅಣಕು ಇಂಟರ್ವ್ಯೂ ಮಾಡುತ್ತೇನೆ. ದುಡ್ಡು ತಗೊಳ್ಳಲ್ಲ, ಬರುವಾಗ ಇಡ್ಲಿ ಕಟ್ಟಿಸಿಕೊಂಡು ಬಂದರೆ ಬೇಡ ಅನ್ನಲ್ಲ.

ಹಿನ್ನೆಲೆ

ಸುಮಾ ಹಾಸನದ ಕಡೆಯ ಒಂದು ಸಣ್ಣ ಪೇಟೆಯವಳು ಅಂತಿಟ್ಟುಕೊಳ್ಳಿ. ಅಪ್ಪನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ವಿಟಿಯು ಕಾಲೇಜಿನಲ್ಲಿ ಇಂಜಿನಿಯರಿಂಗ್, ಕ್ಯಾಂಪಸ್ಸಿನಲ್ಲೇ ಬೆಂಗಳೂರಿನ ಒಂದು ಐಟಿ ಕಂಪನಿಗೆ ಆಯ್ಕೆ. ನನ್ನ ಹತ್ತಿರ ಬಂದಾಗ ಅಲ್ಲಿ ನಾಲ್ಕು ವರ್ಷ ಮುಗಿದಿತ್ತು. ಹೂಡಿ ಹತ್ತಿರ ಮೂರು ಹುಡುಗಿಯರು ಸೇರಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದರು.

ಕನ್ಸಲ್ಟಿಂಗ್ ಯಾಕೆ ಅಂತ ನಾನು ಮೊದಲ ದಿನವೇ ಕೇಳಿದ್ದೆ. ಹೆಚ್ಚಿನವರು ಸಂಬಳ ಅನ್ನೋದನ್ನು ಮುಚ್ಚಿಟ್ಟು ಏನೋ ದೊಡ್ಡ ಮಾತು ಹೇಳುತ್ತಾರೆ. ಇವಳು ಸಂಬಳವನ್ನೂ ಹೇಳಿದಳು, ಜೊತೆಗೆ ಒಂದು ಘಟನೆಯನ್ನೂ ಹೇಳಿದಳು. ಅವಳ ಟೀಮು ಒಂದು ಅಂಗಡಿ ಸರಣಿಯ ಡೇಟಾ ನೋಡಿಕೊಳ್ಳುತ್ತಿತ್ತು. ಒಂದು ಸಲ ಆ ಗಿರಾಕಿ ಕಂಪನಿಯವರು ಹೊರಗಿನಿಂದ ಕನ್ಸಲ್ಟೆಂಟ್‌ಗಳನ್ನು ಕರೆಸಿದರು. ಅವರು ಮೂರು ವಾರ ಇವಳ ಟೀಮಿನ ಪಕ್ಕದಲ್ಲೇ ಕೂತು ಪ್ರಶ್ನೆ ಕೇಳಿ, ಕೊನೆಗೆ ದೊಡ್ಡವರ ಮುಂದೆ ಒಂದು ವರದಿ ಇಟ್ಟರು. “ಅದರಲ್ಲಿ ಇದ್ದದ್ದೆಲ್ಲ ನಮಗೆ ಒಂದು ವರ್ಷದಿಂದ ಗೊತ್ತಿತ್ತು ಅಕ್ಕ. ನಾವು ಯಾರೂ ಹೇಳಿರಲಿಲ್ಲ ಅಷ್ಟೇ.”

ಈ ಮಾತನ್ನು ನಾನು ಆವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಕೇಳಿಸಿಕೊಳ್ಳಲಿಲ್ಲ.

ಗೊತ್ತಿಲ್ಲದವರಿಗೆ ಕೇಸ್ ಇಂಟರ್ವ್ಯೂ ಬಗ್ಗೆ ಎರಡು ಮಾತು. ಒಂದು ವ್ಯಾಪಾರದ ಸಮಸ್ಯೆ ಕೊಡುತ್ತಾರೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಮಯ. ಲಾಭ ಯಾಕೆ ಇಳಿಯಿತು, ಹೊಸ ಊರಲ್ಲಿ ಅಂಗಡಿ ತೆರೆಯಬೇಕಾ ಬೇಡವಾ, ಇಂಥವು. ಕೆಲವೊಮ್ಮೆ ಬರೀ ಅಂದಾಜು ಲೆಕ್ಕ: ಈ ಊರಲ್ಲಿ ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತದೆ ಅನ್ನೋ ಥರದ್ದು. ಕ್ಯಾಲ್ಕ್ಯುಲೇಟರ್ ಇಲ್ಲ, ಹಾಳೆ ಪೆನ್ನು ಅಷ್ಟೇ. ಸಮಸ್ಯೆಯನ್ನು ತುಂಡು ಮಾಡುವುದು ಹೇಗೆ, ಲೆಕ್ಕ ಬರುತ್ತದಾ, ಬಂದ ಅಂಕಿಯಿಂದ ಏನು ಅರ್ಥ ತೆಗೀತೀರಿ, ಇಷ್ಟನ್ನೂ ನೋಡುತ್ತಾರೆ. ಇದರ ಜೊತೆಗೆ ನಿಮ್ಮ ಸ್ವಂತ ಅನುಭವದ ಮೇಲೆ ಪ್ರಶ್ನೆ ಇರುತ್ತದೆ. ಎಲ್ಲ ದಾಟಿದರೆ ಕೊನೆಗೆ ಪಾರ್ಟ್‌ನರ್ ಸುತ್ತು, ಅಂದರೆ ಕಂಪನಿಯ ಹಿರಿಯರ ಜೊತೆ ಮಾತು.

ಮೊದಲ ತಯಾರಿ ನನ್ನ ಲೆಕ್ಕದಲ್ಲೇ ನಡೆಯಿತು. ಆರು ವಾರದಲ್ಲಿ ಹನ್ನೊಂದು ಅಣಕು ಇಂಟರ್ವ್ಯೂ. ಲಾಭದ ಕೇಸ್ ಬಂದರೆ ಹೀಗೆ ಒಡೆಯಬೇಕು, ಹೊಸ ಮಾರುಕಟ್ಟೆ ಅಂದರೆ ಈ ನಾಲ್ಕು ಡಬ್ಬಿ (ಸಮಸ್ಯೆಯನ್ನು ಹಂಚಿ ಹಾಕುವ ತಲೆಬರಹಗಳು), ಅಂದಾಜು ಲೆಕ್ಕಕ್ಕೆ ಜನಸಂಖ್ಯೆಯಿಂದ ಶುರು ಮಾಡು. ಹುಡುಗಿ ಚುರುಕು. ಮೂರನೇ ವಾರಕ್ಕೆ ಎಲ್ಲ ಬಾಯಿಪಾಠ. ನನಗೆ ಬಹಳ ಖುಷಿಯಾಗಿತ್ತು.

ನೀರಿನ ಟ್ಯಾಂಕರ್ ಲೆಕ್ಕ

2024ರ ಜುಲೈ. ಆನ್‌ಲೈನ್ ಪರೀಕ್ಷೆ, ಎಚ್‌ಆರ್ ಫೋನು ಎರಡೂ ದಾಟಿ, ಒಂದೇ ದಿನ ಎರಡು ಕೇಸ್ ಸುತ್ತಿಗೆ ಕರೆ ಬಂತು. ಹೂಡಿಯಲ್ಲಿ ಮೆಟ್ರೋ ಹತ್ತಿ ಎಂ.ಜಿ. ರೋಡಿನಲ್ಲಿ ಇಳಿದು ನಡೆದು ಹೋದಳು. ಮೊದಲನೆಯ ಸುತ್ತು ಪರವಾಗಿಲ್ಲ ಅನ್ನುವ ಹಾಗೆ ಆಯಿತು. ಎರಡನೆಯದರಲ್ಲಿ ಬಂದ ಕೇಸ್ ಇದು: ನೀರಿನ ಟ್ಯಾಂಕರನ್ನು ಆ್ಯಪ್‌ನಲ್ಲಿ ಬುಕ್ ಮಾಡುವ ವ್ಯಾಪಾರ ಶುರು ಮಾಡಬೇಕು ಅಂತ ಒಬ್ಬ ಗಿರಾಕಿ ಇದ್ದಾನೆ. ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಲೋಡ್ ನೀರು ಹೋಗುತ್ತದೆ?

ಆ ವರ್ಷದ ಬೇಸಿಗೆ ಇಲ್ಲಿ ಇದ್ದವರು ಯಾರೂ ಮರೆತಿರಲಾರರು. ಕೊಳವೆಬಾವಿಗಳು ಬತ್ತಿದ್ದವು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಬೇಕಾಯಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಸುಮಾ ಇದ್ದ ಮನೆಗೆ ಕಾವೇರಿ ಇರಲಿಲ್ಲ, ಪೂರ್ತಿ ಟ್ಯಾಂಕರ್. ಅಂದರೆ ಈ ಕೇಸ್ ಅವಳಿಗೋಸ್ಕರವೇ ಬರೆದ ಹಾಗಿತ್ತು.

ಲೆಕ್ಕ ಚೆನ್ನಾಗಿಯೇ ಶುರು ಮಾಡಿದಳು. ಊರಿನ ಜನ 1.3 ಕೋಟಿ ಅಂತಿಟ್ಟುಕೊಂಡಳು. ತಲೆಗೆ ದಿನಕ್ಕೆ 135 ಲೀಟರ್, ಅದು ಸರ್ಕಾರಿ ಲೆಕ್ಕ. ಸುಮಾರು 175 ಕೋಟಿ ಲೀಟರ್ ಬೇಕು. ಕಾವೇರಿಯಿಂದ ಬರುವುದು ಆಗ 1,450 ಎಂಎಲ್‌ಡಿ. (ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆದದ್ದು ಅದೇ ವರ್ಷ ಅಕ್ಟೋಬರಿನಲ್ಲಿ.) ಒಂದು ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್, ಹಾಗಾಗಿ 145 ಕೋಟಿ. ಇಲ್ಲಿ ಬಹಳ ಜನ ಒಂದು ಸೊನ್ನೆ ಕಳಕೊಳ್ಳುತ್ತಾರೆ. ನಮ್ಮ ತಲೆ ಓಡುವುದು ಲಕ್ಷ ಕೋಟಿಯಲ್ಲಿ, ಅವರ ಸ್ಲೈಡ್ ಇರುವುದು ಮಿಲಿಯನ್‌ನಲ್ಲಿ. ಸುಮಾ ಹಾಳೆಯ ಮೂಲೆಯಲ್ಲಿ ಎರಡನ್ನೂ ಬರೆದಿಟ್ಟುಕೊಂಡು ತಪ್ಪಿಸಿಕೊಂಡಳು. ಪೈಪಿನಲ್ಲಿ ಸೋರಿ ಹೋಗುವುದು 30 ಪರ್ಸೆಂಟ್ ಅಂತ ತೆಗೆದರೆ ಮನೆ ಮುಟ್ಟುವುದು 100 ಕೋಟಿ ಚಿಲ್ಲರೆ. ಕೊರತೆ 75 ಕೋಟಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸ್ವಂತ ಬೋರ್‌ವೆಲ್, ಉಳಿದ 15 ಕೋಟಿ ಟ್ಯಾಂಕರ್. ಒಂದು ಲೋಡಿಗೆ ಸರಾಸರಿ 10,000 ಲೀಟರ್ ಅಂದರೆ ದಿನಕ್ಕೆ 15,000 ಲೋಡ್.

ಎದುರಿಗಿದ್ದವರು ಹಾಳೆ ನೋಡಿ ಕೇಳಿದ್ದು ಒಂದೇ ಮಾತು. “ಶೂರ್? 15,000 ಜಾಸ್ತಿ ಅನಿಸಲ್ವಾ?”

ಸುಮಾ ತಕ್ಷಣ “ಸಾರಿ ಸರ್” ಅಂದಳು. 15,000ವನ್ನು ಹೊಡೆದು ಹಾಕಿ ಪಕ್ಕದಲ್ಲಿ 5,000 ಅಂತ ಬರೆದಳು. ಅವರು 5,000 ಎಲ್ಲಿಂದ ಬಂತು ಅಂತ ಕೇಳಿದರು. ಅದು ಎಲ್ಲಿಂದಲೂ ಬಂದಿರಲಿಲ್ಲ. ಸುಮ್ನೆ ಬಂದಿತ್ತು. ಆಮೇಲಿನ ಹನ್ನೆರಡು ನಿಮಿಷ ಅವಳಿಗೆ ಸರಿಯಾಗಿ ನೆನಪೇ ಇಲ್ಲ. ಅವರು ನೀರಿನ ಲೋಟವನ್ನು ಇವಳ ಕಡೆ ಸರಿಸಿದರು ಅನ್ನೋದು ಮಾತ್ರ ನೆನಪಿದೆಯಂತೆ.

ನಾಲ್ಕನೇ ದಿನ ಮೇಲ್ ಬಂತು, ಮುಂದುವರಿಸುತ್ತಿಲ್ಲ ಅಂತ. ಯಾಕೆ ಅಂತ ತಿಳಿಯಬೇಕು ಅಂತ ಬರೆದಳು. ಹೀಗೆ ಬರೆದವರಿಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಇವಳಿಗೆ ಅದೃಷ್ಟಕ್ಕೆ ಎಚ್‌ಆರ್ ಕಡೆಯಿಂದ ಒಂದು ಫೋನ್ ಬಂತು. ಹತ್ತು ನಿಮಿಷದ ಮಾತಿನಲ್ಲಿ ಕೈಗೆ ಸಿಕ್ಕಿದ್ದು ಇಷ್ಟು: ಲೆಕ್ಕ, ಕ್ರಮ ಎಲ್ಲ ಚೆನ್ನಾಗಿದೆ, ಕನ್ವಿಕ್ಷನ್ ಕಡಿಮೆ.

ನಾವು ಹಿಡಿದ ತಪ್ಪು ದಾರಿ

ಕನ್ವಿಕ್ಷನ್ ಅಂದರೆ ಏನು? ನಾವಿಬ್ಬರೂ ಅದನ್ನು ದನಿ, ಇಂಗ್ಲಿಷು, ಕೂರುವ ಭಂಗಿ ಅಂತ ಅಂದುಕೊಂಡೆವು. ಕನ್ನಡ ಮೀಡಿಯಂ ಹುಡುಗಿಗೆ ಯಾರಾದರೂ ಇಂಥ ಮಾತು ಹೇಳಿದರೆ ಮೊದಲು ಹೋಗುವುದು ಇಂಗ್ಲಿಷ್ ಕಡೆಗೇ ಅಲ್ವಾ? ಅವಳು ಎಂಟು ವಾರ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋದಳು. ನಾನೂ ತಲೆ ಆಡಿಸಿದೆ. ಕನ್ನಡಿ ಮುಂದೆ ನಿಂತು ಮಾತಾಡುವುದು, ವಿಡಿಯೋ ಮಾಡಿಕೊಳ್ಳುವುದು, ಅದೂ ಆಯಿತು. ನಿಜ ಹೇಳಬೇಕು ಅಂದರೆ ಅವಳ ಇಂಗ್ಲಿಷಿಗೆ ಏನೂ ಆಗಿರಲಿಲ್ಲ. ವಾಕ್ಯ ಚಿಕ್ಕದು, ತಿರುಳು ನೇರ, ಗಿರಾಕಿ ಮುಂದೆ ಅಷ್ಟು ಸಾಕು.

ದಾರಿ ತಿರುಗಿದ್ದು ಅಕ್ಟೋಬರಿನ ಒಂದು ಭಾನುವಾರ. ಹೊಸ ಕೇಸ್ ಬೇಡ, ಆ ಹಳೆಯದನ್ನೇ ಇನ್ನೊಂದು ಸಲ ನನಗೆ ಮಾಡಿ ತೋರಿಸು ಅಂದೆ. ಇಂಟರ್ವ್ಯೂ ಮುಗಿಸಿ ಬಂದ ರಾತ್ರಿಯೇ ಎಲ್ಲವನ್ನೂ ನೆನಪಿನಿಂದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಳು. ಅದರಲ್ಲಿ 15,000 ಹೊಡೆದು ಹಾಕಿದ್ದೂ ಹಾಗೇ ಇತ್ತು.

“ಇದನ್ನ ಯಾಕೆ ಹೊಡೆದೆ?”

“ಅವರು ಶೂರಾ ಅಂದ್ರಲ್ಲ ಅಕ್ಕ.”

“ಶೂರಾ ಅಂದ್ರೆ?”

“ತಪ್ಪು ಅಂತ ತಾನೇ?”

ಇಷ್ಟೇ. ಕಾಯಿಲೆ ಇದ್ದದ್ದು ಇಲ್ಲಿ. ನಮ್ಮ ಕಾಲೇಜುಗಳ ವೈವಾ ನೆನಪು ಮಾಡಿಕೊಳ್ಳಿ. ರೆಕಾರ್ಡ್ ಬುಕ್ ಎದೆಗೆ ಒತ್ತಿಕೊಂಡು ಕಾರಿಡಾರಿನಲ್ಲಿ ಕಾಯುತ್ತೀರಿ. ಒಳಗೆ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಕೂತಿರುತ್ತಾರೆ. ಅವರು “ಶೂರಾ?” ಅಂದರೆ ನೀವು ಹೇಳಿದ್ದು ತಪ್ಪು ಅಂತಲೇ ಅರ್ಥ, ಬೇಗ ಬೇರೆ ಉತ್ತರ ಹೇಳಿ ಅವರ ಮುಖ ನೋಡಬೇಕು. ವಾದ ಮಾಡಿದರೆ ಮಾರ್ಕ್ಸ್ ಹೋಗುತ್ತದೆ. ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಲ್ಯಾಬು, ಇದನ್ನೇ ಕಲಿತಿರುತ್ತೇವೆ. ನಾನೂ ಅದನ್ನೇ ಕಲಿತವಳು.

ಮೇಜಿನ ಆ ಕಡೆ “ಶೂರ್?” ಅನ್ನುವುದಕ್ಕೆ ಕನಿಷ್ಠ ಮೂರು ಅರ್ಥ ಇದೆ. ನಿಜವಾಗಿಯೂ ತಪ್ಪಿದೆ, ನೋಡಿಕೋ ಅಂತ ಒಂದು. ಸರಿಯಿದೆ, ಆದರೆ ಗಿರಾಕಿ ಹೀಗೆ ಕೇಳಿದರೆ ಏನು ಮಾಡ್ತೀಯ ಅಂತ ಇನ್ನೊಂದು. ಮೂರನೆಯದು ಬಹಳ ಸಲ ಇರುವುದು: ನನಗೇ ಗೊತ್ತಿಲ್ಲ, ನೀನೇ ಪರೀಕ್ಷೆ ಮಾಡಿ ಹೇಳು. ನಾನೇ ಎಷ್ಟು ಸಲ ಈ ಮೂರನೆಯ ಅರ್ಥದಲ್ಲಿ ಕೇಳಿಲ್ಲ! ಉತ್ತರದ ಅಂಕಿ ಏನೇ ಇರಲಿ, ಅದನ್ನು ಇನ್ನೊಂದು ದಾರಿಯಿಂದ ತಾಳೆ ನೋಡುತ್ತಾರಾ ಅಂತಷ್ಟೇ ನೋಡುತ್ತಿದ್ದೆವು.

ತಾಳೆ ನೋಡುವುದಕ್ಕೆ ಅವಳ ಹತ್ತಿರ ಸಾಮಾನು ಇತ್ತು. ಆ ಮಾರ್ಚ್‌ನಲ್ಲಿ ಸರ್ಕಾರವೇ ಹೇಳಿದ ಪ್ರಕಾರ ನಗರದಲ್ಲಿದ್ದ ಟ್ಯಾಂಕರ್ ಸುಮಾರು 3,500. ಆ ಸುದ್ದಿ ಅವಳು ಓದಿದ್ದಳು. ಅವರ ಓಣಿಗೆ ಬರುವ ಟ್ಯಾಂಕರಿನವನು ದಿನಕ್ಕೆ ಐದು ಟ್ರಿಪ್ ಹೊಡೆಯುತ್ತಾನೆ ಅನ್ನೋದೂ ಗೊತ್ತಿತ್ತು. ಮೂರುವರೆ ಸಾವಿರಕ್ಕೆ ಐದರಂತೆ 17,500. ಅಂದರೆ 15,000 ಪಕ್ಕದಲ್ಲೇ ಇದೆ. ಅವಳ ಲೆಕ್ಕ ಸರಿಯಿತ್ತು. ಅವಳೇ ಅದನ್ನು ಹೊಡೆದು ಹಾಕಿದಳು.

ಇನ್ನೂ ಬೇಜಾರಿನ ವಿಷಯ ಒಂದಿದೆ. ಇಂಟರ್ವ್ಯೂ ಮಧ್ಯೆ ಅವರು “ಟ್ಯಾಂಕರ್‌ಗೆ ಫೋನ್ ಮಾಡೋದು ಯಾರು?” ಅಂತ ಕೇಳಿದ್ದರು. ಇವಳು “ಬಳಕೆದಾರರು” ಅಂತ ಹೇಳಿ ಮುಂದೆ ಹೋಗಿದ್ದಳು. ನಾನು ಈಗ ಅದನ್ನೇ ಕನ್ನಡದಲ್ಲಿ ಕೇಳಿದೆ, ನಿಮ್ಮ ಮನೆಗೆ ಟ್ಯಾಂಕರ್ ಯಾರು ತರಿಸ್ತಾರೆ ಅಂತ. ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು. ಓನರ್ ಆಂಟಿ ಫೋನ್ ಮಾಡುವುದು. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರು ತಿಂಗಳ ಲೆಕ್ಕದಲ್ಲಿ ಒಬ್ಬನನ್ನೇ ಹಿಡಿದುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಆಂಟಿ ಹತ್ತು ಸಲ ಫೋನ್ ಮಾಡಿದರೂ ಅವನು ಎತ್ತುವುದಿಲ್ಲ, ಜಾಸ್ತಿ ಕೊಡುವವರ ಮನೆಗೆ ಹೋಗುತ್ತಾನೆ. ದರ 1,000 ಅಂತ ಕಟ್ಟಿದ ಮೇಲೂ ಆಂಟಿ 2,000 ಕೊಟ್ಟಿದ್ದರು. ಜೂನ್‌ನಲ್ಲಿ ಮಳೆ ಬಂದ ಮೇಲೆ ಅವನೇ ಫೋನ್ ಮಾಡಿ “ನೀರು ಬೇಕಾ ಮೇಡಂ” ಅಂತ ಕೇಳುತ್ತಾನೆ.

“ಹಾಗಾದ್ರೆ ಬೇಸಿಗೆಯಲ್ಲಿ ಅವನಿಗೆ ಆ್ಯಪ್ ಯಾಕೆ ಬೇಕು?” ಅಂದೆ.

ಸುಮ್ಮನಾದಳು. ಆಮೇಲೆ, “ಬೇಡ. ಬೇಸಿಗೆಯಲ್ಲಿ ಅವನಿಗೆ ಬೇಡ, ಮಳೆಗಾಲದಲ್ಲಿ ನಮಗೆ ಬೇಡ” ಅಂದಳು.

ಆ ಗಿರಾಕಿಗೆ ಬೇಕಾಗಿದ್ದ ಉತ್ತರ ಇದೇ. ಎಷ್ಟು ಲೋಡ್ ಅನ್ನೋದು ಬರೀ ಬಾಗಿಲು. ಇದಕ್ಕೆ ದಾರಿ ಅಪಾರ್ಟ್‌ಮೆಂಟ್‌ಗಳ ಜೊತೆ ವರ್ಷದ ಒಪ್ಪಂದವೋ ಇನ್ನೊಂದೋ, ಅದು ಆಮೇಲಿನ ಮಾತು. ಅವಳ ಮನೆ ಮುಂದೆ ನಿಂತಿದ್ದ ಟ್ಯಾಂಕರ್ ಅವಳ ಹಾಳೆಗೆ ಬಂದಿರಲಿಲ್ಲ, ಯಾಕಂದರೆ ನಾನು ಕಲಿಸಿದ ನಾಲ್ಕು ಡಬ್ಬಿಯಲ್ಲಿ ಓನರ್ ಆಂಟಿಗೆ ಜಾಗ ಇರಲಿಲ್ಲ.

ನನ್ನ ಇನ್ನೊಂದು ತಪ್ಪು ಅವಳೇ ತೋರಿಸಿದಳು. ಅಣಕು ಇಂಟರ್ವ್ಯೂ ಮಾಡುವಾಗ ಅವಳು ಸರಿಯಾಗಿ ಹೇಳಿದ ಕೂಡಲೇ ನಾನು ತಲೆ ಆಡಿಸುತ್ತಿದ್ದೆನಂತೆ. ಹನ್ನೊಂದು ಸಲ ನನ್ನ ತಲೆ ನೋಡಿಕೊಂಡೇ ಮುಂದೆ ಹೋಗಿದ್ದಾಳೆ. ಅಲ್ಲಿ ಎದುರಿಗಿದ್ದವರು ತಲೆ ಆಡಿಸಲಿಲ್ಲ, ಇವಳಿಗೆ ದಾರಿ ತಪ್ಪಿತು.

ಅಪ್ಪನ ಅಂಗಡಿ

ನವೆಂಬರಿನಿಂದ ರೀತಿ ಬದಲಿಸಿದೆವು. ಕೇಸ್ ಮೊದಲು ಕನ್ನಡದಲ್ಲಿ, ಅದೇ ಕೇಸ್ ಎರಡನೇ ಸಲ ಇಂಗ್ಲಿಷಿನಲ್ಲಿ. ನಾನು ತಲೆ ಆಡಿಸಬಾರದು. ಪ್ರತಿ ಕೇಸಿನಲ್ಲಿ ಮೂರು ಸಲ “ಶೂರಾ?” ಅನ್ನಬೇಕು, ಅದರಲ್ಲಿ ಒಂದಾದರೂ ಅವಳ ಉತ್ತರ ಸರಿಯಿದ್ದಾಗಲೇ ಕೇಳಬೇಕು. ಮೊದಲ ಎರಡು ಭಾನುವಾರ ಕಷ್ಟವಾಯಿತು. ಒಂದು ಸಲ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಷ್ಟು ಗಟ್ಟಿಯಾಗಿ ಕೇಳಬೇಕಾಗಿರಲಿಲ್ಲ ನಾನು.

ಅದೇ ದೀಪಾವಳಿಗೆ ಊರಿಗೆ ಹೋಗಿ ಬಂದಾಗ ಒಂದು ಸಂಗತಿ ತಂದಳು. ಅಪ್ಪನ ಅಂಗಡಿಗೆ ಒಬ್ಬ ರೈತ ಸುಟ್ಟ ಮೋಟಾರ್ ತಂದಿದ್ದಾನೆ. ಎರಡು ತಿಂಗಳ ಹಿಂದೆ ಅಲ್ಲೇ ವೈಂಡಿಂಗ್ ಮಾಡಿಸಿದ್ದು. “ನಿನ್ನ ಕೆಲಸ ಸರಿಯಿಲ್ಲ” ಅಂತ ಜಗಳ. ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮೋಟಾರ್ ಬಿಚ್ಚಿ, ಒಳಗಿನ ಸುರುಳಿ ಬೆಳಕಿಗೆ ಹಿಡಿದು ಅವನಿಗೇ ತೋರಿಸಿದರು. ಮೂರು ಫೇಸಿನ ಸುರುಳಿಯಲ್ಲಿ ಎರಡು ಕಪ್ಪಾಗಿವೆ, ಒಂದು ಹೊಸದರ ಹಾಗೆ ಕೆಂಪಗೇ ಇದೆ. ಹೀಗೆ ಇದ್ದರೆ ಲೈನಿನಲ್ಲಿ ಒಂದು ಫೇಸ್ ಹೋಗಿ, ಉಳಿದ ಎರಡರ ಮೇಲೆ ಮೋಟಾರ್ ಓಡಿದೆ ಅಂತ ಅರ್ಥ. ಲೋಡ್ ಜಾಸ್ತಿಯಾಗಿ ಸುಟ್ಟಿದ್ದರೆ ಮೂರೂ ಒಂದೇ ಥರ ಕಪ್ಪಾಗುತ್ತಿದ್ದವು. ರೈತ ಬಗ್ಗಿ ನೋಡಿದ. ಬೈದದ್ದು ಲೈನ್‌ಮನ್‌ಗೆ.

“ಅಪ್ಪ ಸಿಟ್ಟು ಮಾಡ್ಕೊಳ್ಳಲಿಲ್ಲ ಅಕ್ಕ, ಸಾರಿನೂ ಕೇಳಲಿಲ್ಲ. ಮೋಟಾರ್ ತಿರುಗಿಸಿ ತೋರಿಸಿದ್ರು ಅಷ್ಟೇ.”

ಇದಾದ ಮೇಲೆ ನಮ್ಮ ನಡುವೆ ಅದೇ ಮಾತಾಯಿತು. ನಾನು “ಶೂರಾ?” ಅಂದರೆ ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಯಾವ ಅಂಕಿ ಬಗ್ಗೆ ಅನುಮಾನ ಅಂತ ಕೇಳುತ್ತಿದ್ದಳು. ಆ ಅಂಕಿಯನ್ನು ಬೇರೆ ದಾರಿಯಲ್ಲಿ ನೋಡಿ, ಉಳಿಸಿಕೊಳ್ಳುತ್ತೇನೆ ಅಥವಾ ಬದಲಿಸುತ್ತೇನೆ, ಯಾಕೆ ಅಂತ ಹೇಳುತ್ತಿದ್ದಳು. ಬರೆದರೆ ಸುಲಭ. ಕೈಗೆ ಹತ್ತುವುದಕ್ಕೆ ಎರಡು ತಿಂಗಳು ಬೇಕಾಯಿತು.

ಇದನ್ನು ಓದಿ ಯಾರೂ ಹಠ ಹಿಡಿಯೋದೇ ಸರಿ ಅಂತ ತಿಳಿಯಬಾರದು. ಅದೇ ಸಮಯಕ್ಕೆ ನನ್ನ ಹತ್ತಿರ ಇನ್ನೊಬ್ಬ ಹುಡುಗ ಬರುತ್ತಿದ್ದ, ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜಿನವನು, ಮಾತು ಪಟಪಟ. ಒಂದು ಇಂಟರ್ವ್ಯೂನಲ್ಲಿ ಒಂದು ಸೊನ್ನೆ ಜಾಸ್ತಿ ಹಾಕಿಕೊಂಡು, ಎದುರಿನವರು ಮೂರು ಸಲ ಸುಳಿವು ಕೊಟ್ಟರೂ ತನ್ನದೇ ಸರಿ ಅಂತ ವಾದಿಸಿ ಬಂದ. ಅವನಿಗೂ ಅದೇ ನಾಲ್ಕು ಸಾಲಿನ ಮೇಲ್ ಬಂತು.

ದರ್ಶಿನಿ

ಮೊದಲ ಕಂಪನಿಗೆ ಮತ್ತೆ ಅರ್ಜಿ ಹಾಕುವ ಹಾಗಿರಲಿಲ್ಲ. ಇಂಥ ಕಡೆ ಒಮ್ಮೆ ತಿರಸ್ಕಾರವಾದರೆ ಒಂದೆರಡು ವರ್ಷ ಕಾಯಬೇಕು ಅನ್ನೋದು ಸಾಮಾನ್ಯ. ಎರಡನೇ ಕಂಪನಿ ಸ್ವಲ್ಪ ಚಿಕ್ಕದು. 2025ರ ಏಪ್ರಿಲ್ ಕೊನೆಗೆ ಕರೆ ಬಂತು.

ಮೊದಲ ಕೇಸ್ ಸರಾಗ ಹೋಯಿತು, ಅದನ್ನು ಬಿಡುತ್ತೇನೆ. ಎರಡನೆಯದು ಒಂದು ದರ್ಶಿನಿಯದು. ಒಂದು ವರ್ಷದಲ್ಲಿ ಮಾರಾಟ 20 ಪರ್ಸೆಂಟ್ ಏರಿದೆ, ಲಾಭ ಇಳಿದಿದೆ, ಯಾಕೆ?

ಸುಮಾ ಮೊದಲು ಖರ್ಚಿನ ಕಡೆ ನೋಡಿದಳು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದೆ, ಕಾಫಿ ಪುಡಿಯೂ ದುಬಾರಿ ಆಗಿದೆ, ಆದರೆ ನೀವು ಕೊಟ್ಟ ಲೆಕ್ಕ ಮಾರ್ಚ್‌ಗೇ ಮುಗಿಯುತ್ತದೆ, ಹಾಗಾಗಿ ಹಾಲಿನ ದರ ಏರಿದ್ದು ಇದಕ್ಕೆ ಕಾರಣ ಆಗಲಾರದು ಅಂದಳು. ಆಮೇಲೆ ಕೇಳಿದ್ದು, ಜನ ನಿಂತು ತಿನ್ನುವುದು ಎಷ್ಟು, ಪಾರ್ಸೆಲ್ ಎಷ್ಟು, ಆ್ಯಪ್‌ನಲ್ಲಿ ಹೋಗುವುದು ಎಷ್ಟು ಅಂತ. ಈ ಪ್ರಶ್ನೆ ಯಾವ ಡಬ್ಬಿಯಿಂದಲೂ ಬಂದದ್ದಲ್ಲ. ದಿನಾ ದರ್ಶಿನಿ ಮುಂದೆ ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿಕೊಂಡು ಕಾಯುವುದನ್ನು ನೋಡಿ ಬಂದದ್ದು.

ಅಂಕಿ ಸಿಕ್ಕಿತು. ಹೋದ ವರ್ಷ ದಿನಕ್ಕೆ 1,000 ಪ್ಲೇಟ್, ಎಲ್ಲ ಕೌಂಟರಿನಲ್ಲೇ. ಈಗ ಕೌಂಟರಿನಲ್ಲಿ 800, ಆ್ಯಪ್‌ನಲ್ಲಿ 400. ಪ್ಲೇಟಿಗೆ 60 ರೂಪಾಯಿ, ಸಾಮಾನಿಗೆ 24, ಕೌಂಟರಿನಲ್ಲಿ ಉಳಿಯುವುದು 36. ಆ್ಯಪ್‌ನಲ್ಲಿ ಕಮಿಷನ್ 15, ಡಬ್ಬ ಚಮಚಕ್ಕೆ 6 ಹೋಗಿ ಉಳಿಯುವುದು 15. ಮೊದಲು ದಿನಕ್ಕೆ 36,000 ಉಳಿಯುತ್ತಿತ್ತು. ಈಗ ಕೌಂಟರಿನಿಂದ 28,800, ಆ್ಯಪ್‌ನಿಂದ 6,000, ಸೇರಿ 34,800. ದಿನಕ್ಕೆ 1,200 ಕಡಿಮೆ. ಕೌಂಟರಿನಲ್ಲಿ ಕಡಿಮೆಯಾದ 200 ಜನ ಮನೆಯಲ್ಲೇ ಕೂತು ಆ್ಯಪ್‌ನಲ್ಲಿ ತರಿಸುತ್ತಿದ್ದಾರೆ, ಒಬ್ಬೊಬ್ಬರ ಮೇಲೂ 21 ರೂಪಾಯಿ ನಷ್ಟ. ಆ್ಯಪ್ ನಿಲ್ಲಿಸಿ ಅವರು ವಾಪಸ್ ಬಂದರೆ ಮತ್ತೆ 36,000.

“ಶೂರ್? ಆ 200 ಜನ ಆ್ಯಪ್‌ಗೇ ಹೋದರು ಅಂತ ಹೇಗೆ ಹೇಳ್ತೀರಿ? ಎದುರುಗಡೆ ಹೊಸ ಹೋಟೆಲ್ ಆಗಿದೆ, 100 ಜನ ಅಲ್ಲಿಗೆ ಹೋಗಿದ್ದಾರೆ.”

ಸುಮಾ ಹಾಳೆ ತಿರುಗಿಸಿದಳು. ಅರ್ಧ ನಿಮಿಷ ತಗೊಳ್ತೀನಿ ಅಂದಳು. ಆಮೇಲೆ ಹೇಳಿದ್ದು ಹೀಗೆ: ನನ್ನ 34,800 ಬದಲಾಗುವುದಿಲ್ಲ, ಯಾಕಂದರೆ ಮಾರಿದ ಪ್ಲೇಟು ಅಷ್ಟೇ. ಬದಲಾಗುವುದು ತೀರ್ಮಾನ. 100 ಜನ ಎದುರಿನ ಹೋಟೆಲಿಗೆ ಹೋಗಿದ್ದರೆ ಆ್ಯಪ್ ನಿಲ್ಲಿಸಿದರೂ ಅವರು ಬರುವುದಿಲ್ಲ. ಆಗ ಕೌಂಟರಿನಲ್ಲಿ ಆಗುವುದು 900 ಪ್ಲೇಟ್, 32,400 ರೂಪಾಯಿ. ಅಂದರೆ ಆ್ಯಪ್ ಇರುವುದರಿಂದಲೇ ದಿನಕ್ಕೆ 2,400 ಉಳೀತಿದೆ. ಹಾಗಾಗಿ ಆ್ಯಪ್ ನಿಲ್ಲಿಸಿ ಅಂತ ನಾನು ಹೇಳಿದ್ದನ್ನು ವಾಪಸ್ ತಗೊಳ್ತೀನಿ. ಮೊದಲು ಆ 200 ಜನ ಎಲ್ಲಿ ಹೋದರು ಅಂತ ಕ್ಯಾಷಿಯರ್‌ನ ಕೇಳಬೇಕು.

ಜುಲೈಯಲ್ಲಿ ಅವಳು ಸರಿ ಇದ್ದ ಅಂಕಿ ಬಿಟ್ಟಿದ್ದಳು. ಇಲ್ಲಿ ಅಂಕಿ ಇಟ್ಟುಕೊಂಡು ತೀರ್ಮಾನ ಬಿಟ್ಟಳು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದನ್ನು ಎದುರಿನವರ ಮುಖದಲ್ಲಿ ಹುಡುಕಲಿಲ್ಲ, ಹಾಳೆಯಲ್ಲಿ ಹುಡುಕಿದಳು. ನಾನು ಆ ಕಡೆ ಕೂತಿದ್ದರೂ ಅಲ್ಲೇ ಟಿಕ್ ಹಾಕುತ್ತಿದ್ದೆ.

ಪಾರ್ಟ್‌ನರ್ ಸುತ್ತಿನಲ್ಲಿ ಕೇಸ್ ಬರಲೇ ಇಲ್ಲ. ಮೇಲಿನವರ ಜೊತೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ ಅಂತ ಕೇಳಿದರು. ಹೋದ ಸಲ ಇದಕ್ಕೆ ಕಾಲೇಜ್ ಫೆಸ್ಟ್‌ನ ಒಂದು ಹೊಳಪಿನ ಕಥೆ ಇಟ್ಟುಕೊಂಡಿದ್ದಳು, ಅದನ್ನು ತಿದ್ದಿಕೊಟ್ಟವಳು ನಾನೇ. ಈ ಸಲ ಆ ಅಂಗಡಿ ಸರಣಿಯ ವಿಷಯ ಹೇಳಿದಳು. ಒಂದು ವರ್ಷದಿಂದ ಗೊತ್ತಿದ್ದೂ ಹೇಳಲಿಲ್ಲ, ಹೊರಗಿನವರು ಬಂದು ಹೇಳಿದರು ಅಂತ. ಯಾಕೆ ಹೇಳಲಿಲ್ಲ, ಯಾರಿಗೆ ಹೇಳಬಹುದಿತ್ತು, ಹೇಳದೆ ಇದ್ದದ್ದರಿಂದ ಗಿರಾಕಿಗೆ ಎಷ್ಟು ನಷ್ಟ ಆಯಿತು ಅಂತ ಒಂದರ ಹಿಂದೆ ಒಂದು ಪ್ರಶ್ನೆ. ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತಂತೆ. ಗೆದ್ದ ಕಥೆ ಕೇಳಿದಾಗ ಸೋತ ಕಥೆ ಹೇಳುವುದು ಎಲ್ಲ ಕಡೆ ನಡೆಯುತ್ತದೆ ಅಂತ ನಾನು ಹೇಳಲಾರೆ. ಇದು ಅವಳದೇ ನಿರ್ಧಾರ, ನನ್ನನ್ನು ಕೇಳಿದ್ದರೆ ಬೇಡ ಅಂತಿದ್ದೆ.

ಆಮೇಲೆ

ಮೇ ಮೂರನೇ ವಾರ ಆಫರ್ ಬಂತು. ಅನಾಲಿಸ್ಟ್ ಹುದ್ದೆ. ನಾಲ್ಕು ವರ್ಷದ ಅನುಭವವನ್ನು ಎರಡು ಅಂತ ಲೆಕ್ಕ ಹಿಡಿದಿದ್ದರು. ಇದು ಸರಿಯಾ ಅಂತ ಕೇಳಿದಳು. ಐಟಿಯಿಂದ ಬಂದವರಿಗೆ ಹೀಗೆ ಮಾಡುವುದು ನಾನು ಬಹಳ ನೋಡಿದ್ದೇನೆ. ನ್ಯಾಯ ಅಂತ ನನಗೇನೂ ಅನಿಸಿಲ್ಲ. ಕೇಳಿ ನೋಡು ಅಂದೆ. ಕೇಳಿದಳು, ಯಾಕೆ ಅಂತ ಕಾರಣ ಕೊಟ್ಟು ಕೇಳಿದಳು. ಹುದ್ದೆ ಬದಲಾಗಲಿಲ್ಲ, ಸೇರುವ ಬೋನಸ್ ಸ್ವಲ್ಪ ಜಾಸ್ತಿ ಆಯಿತು. ಹಳೆ ಕಂಪನಿಯವರೂ ಸಂಬಳ ಏರಿಸುತ್ತೇವೆ, ಇರು ಅಂದರು. ಒಂದು ದಿನ ತಗೊಂಡು ಬೇಡ ಅಂದಳು.

ಅಲ್ಲಿ ನೋಟಿಸ್ 90 ದಿನ, ಇಲ್ಲಿಯವರಿಗೆ 60ರೊಳಗೆ ಬೇಕು. ಉಳಿದ ರಜೆ ಹೊಂದಿಸಿ, ಕೆಲಸ ಬೇರೆಯವರಿಗೆ ಬೇಗ ಒಪ್ಪಿಸಿ, 66ನೇ ದಿನ ಬಿಡುಗಡೆ ಆಯಿತು. ಆ ಆರು ದಿನ ಹೊಸಬರು ಕಾದರು. ರಿಲೀವಿಂಗ್ ಲೆಟರ್ ಕೈಗೆ ಬಂದದ್ದು ಸೇರಿ ಮೂರು ವಾರ ಆದ ಮೇಲೆ.

ಮೊದಲ ಕಂಪನಿ ಅವಳನ್ನು ಬಿಟ್ಟದ್ದು ತಪ್ಪಾ ಅಂತ ನಾನು ಈಗಲೂ ಯೋಚಿಸುತ್ತೇನೆ. ಆವತ್ತಿನ ಆ ಹಾಳೆ ನನ್ನ ಮುಂದೆ ಬಂದಿದ್ದರೆ, 5,000 ನೋಡಿ ನಾನೂ ಬೇಡ ಅಂತಲೇ ಬರೆಯುತ್ತಿದ್ದೆ.

ಈಗ ಭಾನುವಾರ ಬರುವುದು ಅವಳ ಜೊತೆ ಇದ್ದ ಇನ್ನೊಬ್ಬ ಹುಡುಗಿ. ಹೋದ ವಾರ ಕೇಸ್ ಮುಗಿಸಿ ಹೊರಡುವಾಗ, “ಮೇಡಂ, ಇವತ್ತು ಎರಡು ಸಲ ತಲೆ ಆಡಿಸಿದ್ರಿ” ಅಂದಳು. ಸುಮಾ ಮೊದಲೇ ಹೇಳಿ ಕಳಿಸಿದ್ದಾಳೆ.